ಬ್ರೇಕ್ ಲಿವರ್ ಸುತ್ತ ಬಟ್ಟೆ ಪಟ್ಟಿ: ರೇಸ್ ಸೈಕಲ್ಲಿನ ಹ್ಯಾಂಡಲ್ ಸುತ್ತಿದ ನನ್ನ ಅನುಭವ

ಕೆಳಕ್ಕೆ ಬಾಗಿದ ಹ್ಯಾಂಡಲ್ ಇರುವ ರೇಸ್ ಸೈಕಲ್ಲುಗಳಿಗೆ ಈಗ ಹೆಚ್ಚಾಗಿ ಸ್ಪಂಜಿನಂಥ ಮೆತ್ತನೆಯ ಪಟ್ಟಿಯನ್ನೇ ಸುತ್ತುತ್ತಾರೆ. ಅದು ಹಿಗ್ಗುವುದರಿಂದ ಬಾಗುಗಳಲ್ಲಿ ಸುಲಭವಾಗಿ ಕೂರುತ್ತದೆ, ಕೈಗೂ ಹಿತ. ಆದರೆ ಕಲಬುರಗಿಯ ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟಿದ ಮೇಲೆ ಅದರ ಹಿಂಬದಿಯ ಅಂಟು ಸಡಿಲಾಗಿ ಪಟ್ಟಿ ಜರುಗತೊಡಗುತ್ತದೆ. ಬೆವರನ್ನು ಹೀರಿಕೊಳ್ಳದ ಕಾರಣ ಶಹಾಬಾದ್ ಕಡೆಯ ರಸ್ತೆಗಳ ಕಲ್ಲುಪುಡಿ ಆ ಬೆವರಿಗೆ ಬೆರೆತು ಅಂಗೈಯಲ್ಲಿ ಕೆಸರಿನಂತಾಗುತ್ತದೆ. ಆದ್ದರಿಂದ ನಾನು ನನ್ನ ಹಳೆಯ ಸೈಕಲ್ಲಿಗೆ ಹತ್ತಿಬಟ್ಟೆಯ ಪಟ್ಟಿಯನ್ನೇ ಸುತ್ತಿ, ಮೇಲೆ ಅರಗಿನ ಪಾಲಿಶ್ ಕೊಡುತ್ತೇನೆ. ಈ ಕೆಲಸದಲ್ಲಿ ನಿಜವಾಗಿ ಕಷ್ಟವಾಗುವ ಜಾಗ ಒಂದೇ, ಅದು ಬ್ರೇಕ್ ಲಿವರ್ ಕೂತಿರುವ ಸ್ಥಳ. ಉಳಿದದ್ದಕ್ಕೆ ತಾಳ್ಮೆಯಿದ್ದರೆ ಸಾಕು.

ಸೈಕಲ್ಲಿಗೆಂದೇ ನೇಯ್ದ ಹತ್ತಿ ಪಟ್ಟಿಗಳಿವೆ. ಫ್ರಾನ್ಸಿನ ವೆಲಾಕ್ಸ್ ಕಂಪನಿಯ ಟ್ರೆಸೊಸ್ಟಾರ್ ಅವುಗಳಲ್ಲಿ ಹೆಸರುವಾಸಿ. ನಾನು ಬಳಸುವುದು ದರ್ಜಿ ಸಾಮಾನಿನ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ದೊರೆಯುವ, ಓರೆಗೆರೆಯ ನೇಯ್ಗೆಯ ಲಾಡಿ ಪಟ್ಟಿ. ಕೊಳ್ಳುವಾಗ ಒಂದು ಎಳೆಯನ್ನು ಬಿಡಿಸಿ ಸುಟ್ಟು ನೋಡಬೇಕು: ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ, ನೈಲಾನ್ ಅಥವಾ ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಗುಂಡಾಗುತ್ತದೆ. ಕೈ ಹಿಡಿಯುವ ಭಾಗದಲ್ಲಿ ಹ್ಯಾಂಡಲ್ಲಿನ ದಪ್ಪ ಸುಮಾರು 24 ಮಿ.ಮೀ., ಅಂದರೆ ಒಂದು ಸುತ್ತಿಗೆ ಏಳೂವರೆ ಸೆಂ.ಮೀ.ಗಿಂತ ತುಸು ಹೆಚ್ಚು ಬಟ್ಟೆ ಬೇಕು. 25 ಮಿ.ಮೀ. ಅಗಲದ ಪಟ್ಟಿಯನ್ನು ಮೂರನೆಯ ಒಂದು ಭಾಗ ಮೇಲೇರಿಸಿ ಸುತ್ತಿದರೆ ಒಂದೊಂದು ಸುತ್ತಿಗೆ 17 ಮಿ.ಮೀ. ಮುಂದೆ ಹೋಗುತ್ತೇವೆ, 70 ಸೆಂ.ಮೀ. ಉದ್ದದ ಒಂದು ಬದಿಗೆ ನಲವತ್ತಕ್ಕೂ ಮಿಕ್ಕಿ ಸುತ್ತುಗಳಾಗುತ್ತವೆ. ಹಾಗಾಗಿ ಬದಿಯೊಂದಕ್ಕೆ ಮೂರೂವರೆ ಮೀಟರ್ ಇಟ್ಟುಕೊಂಡರೆ ನಡುವೆ ತುಂಡು ಸೇರಿಸುವ ಪ್ರಸಂಗ ಬರುವುದಿಲ್ಲ. ಹೊಸ ಪಟ್ಟಿಯಲ್ಲಿ ಗಂಜಿ ಇರುವುದರಿಂದ ಒಮ್ಮೆ ಒಗೆದು ಒಣಗಿಸಿಕೊಳ್ಳುತ್ತೇನೆ. ಇಲ್ಲವಾದರೆ ಅರಗು ಬಟ್ಟೆಯೊಳಕ್ಕೆ ಇಳಿಯದೆ ಮೇಲೆಯೇ ನಿಲ್ಲುತ್ತದೆ.

ಪಟ್ಟಿಗೆ ಕೈ ಹಾಕುವ ಮೊದಲು ಲಿವರ್‌ಗಳ ಜಾಗವನ್ನು ಖಚಿತಪಡಿಸಿಕೊಳ್ಳಬೇಕು. ಹ್ಯಾಂಡಲ್ಲಿನ ಕೆಳಗಿನ ನೇರ ಭಾಗದ ಅಡಿಗೆ ಒಂದು ಪಟ್ಟಿಕೋಲನ್ನು ಹಿಡಿದರೆ ಲಿವರ್‌ನ ತುದಿ ಅದನ್ನು ಮುಟ್ಟುವಂತಿರಬೇಕು ಎಂಬುದು ಹಳೆಯ ಲೆಕ್ಕ. ನಾನು ಅಲ್ಲಿಂದ ಆರಂಭಿಸಿ, ಸೈಕಲ್ ಏರಿ ಕೈಯಿಟ್ಟು ನೋಡಿ, ಬೇಕೆನಿಸಿದರೆ ತುಸು ಮೇಲಕ್ಕೆ ಸರಿಸುತ್ತೇನೆ. ನನ್ನ ಸೈಕಲ್ಲಿನಂಥ ಹಳೆಯ ಲಿವರ್‌ಗಳಲ್ಲಿ ಬಿಗಿಯುವ ತಿರುಪು ಒಳಗಿರುತ್ತದೆ, ಬ್ರೇಕ್ ತಂತಿಯನ್ನು ಸಡಿಲಿಸಿ ಲಿವರ್ ಒತ್ತಿದಾಗ ಮಾತ್ರ ಕಾಣುತ್ತದೆ. ಬಟ್ಟೆ ಸುತ್ತಿದ ಮೇಲೂ ಅದನ್ನು ಬಿಗಿಯಬಹುದು, ಆದರೆ ಲಿವರ್ ಜರುಗಿಸಿದರೆ ಜೊತೆಗೆ ಬಟ್ಟೆಯೂ ಮುದುಡುತ್ತದೆ. ನನ್ನ ಲಿವರ್‌ಗಳ ತಂತಿ ಮೇಲಿನಿಂದ ಹೊರಬರುವುದರಿಂದ ಅದಕ್ಕೂ ಪಟ್ಟಿಗೂ ಸಂಬಂಧವಿಲ್ಲ. ತಂತಿ ಹ್ಯಾಂಡಲ್ಲಿಗೆ ಅಂಟಿಕೊಂಡು ಹೋಗುವ ಬಗೆಯವಾದರೆ ಅದನ್ನು ಮೊದಲು ಕರೆಂಟಿನ ಕೆಲಸದವರ ಇನ್ಸುಲೇಷನ್ ಟೇಪಿನಿಂದ ಮೂರು ನಾಲ್ಕು ಕಡೆ ಕಟ್ಟಿಕೊಳ್ಳಬೇಕು. ಹಳೆಯ ಅಂಟನ್ನು ಸೀಮೆಎಣ್ಣೆಯಿಂದ ತೆಗೆದು, ಎಣ್ಣೆಯ ಜಿಡ್ಡನ್ನು ಸ್ಪಿರಿಟ್‌ನಿಂದ ಒರೆಸಿಬಿಟ್ಟರೆ ಹ್ಯಾಂಡಲ್ ಸಿದ್ಧ.

ಲಿವರ್ ಬಳಿಯ ಕೆಲಸಕ್ಕೆ ಎರಡು ದಾರಿಗಳಿವೆ. ಪಟ್ಟಿಯನ್ನು ಲಿವರ್‌ನ ಎರಡೂ ಪಕ್ಕದಿಂದ ಹಾಯಿಸಿ ಎಂಟರ ಆಕಾರದಲ್ಲಿ ಸುತ್ತುವುದು ಒಂದು. ಹಿಗ್ಗುವ ಪಟ್ಟಿಗೆ ಅದು ಚೆನ್ನಾಗಿ ಒಪ್ಪುತ್ತದೆ. ಲಾಡಿ ಪಟ್ಟಿ ಉದ್ದಕ್ಕೆ ಹಿಗ್ಗದು. ಅದನ್ನು ಎಂಟರಂತೆ ಸುತ್ತಿದರೆ ಬಟ್ಟೆಯ ಮೇಲೆ ಬಟ್ಟೆ ಬಿದ್ದು ಉಬ್ಬು ಏಳುತ್ತದೆ, ಅದರ ಮೇಲೆ ಲಿವರ್‌ನ ರಬ್ಬರ್ ಹೊದಿಕೆ ಪೂರ್ತಿ ಕೂರದೆ ಅಂಚಿನಲ್ಲಿ ಬಾಯಿಬಿಡುತ್ತದೆ. ದೂರದ ಸವಾರಿಯಲ್ಲಿ ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಚರ್ಮ ಸದಾ ಒತ್ತಿಕೊಂಡಿರುವುದು ಸರಿಯಾಗಿ ಅಲ್ಲಿಯೇ. ಆದ್ದರಿಂದ ನಾನು ಎರಡನೆಯ ದಾರಿ ಹಿಡಿದಿದ್ದೇನೆ. ರಬ್ಬರ್ ಹೊದಿಕೆಯನ್ನು ಮುಂದಕ್ಕೆ ಮಡಚಿ, ಸುಮಾರು 8 ಸೆಂ.ಮೀ. ಉದ್ದದ ಬಿಡಿ ತುಂಡೊಂದನ್ನು ಲಿವರ್ ಹಿಡಿದಿರುವ ಲೋಹದ ಪಟ್ಟೆಯ ಮೇಲೆ, ಹ್ಯಾಂಡಲ್ಲಿನ ಹಿಂಬದಿಯಿಂದ, ಅಡ್ಡಲಾಗಿ ಅಂಟಿಸುತ್ತೇನೆ. ಅದರ ಎರಡು ತುದಿಗಳು ಲಿವರ್‌ನ ಎರಡು ಪಕ್ಕಕ್ಕೆ ಬಂದು ಹೊದಿಕೆಯ ಅಡಿಯಲ್ಲಿ ಮುಗಿಯಬೇಕು. ಕೆಳಗಿನಿಂದ ಬರುವ ಪಟ್ಟಿಯ ಕೊನೆಯ ಪೂರ್ಣ ಸುತ್ತು ಲಿವರ್‌ನ ಬುಡಕ್ಕೆ ಒತ್ತಿಕೊಂಡಿರಬೇಕು. ಅಲ್ಲಿಂದ ಪಟ್ಟಿ ಹಿಂಬದಿಯಲ್ಲಿ ಆ ತುಂಡಿನ ಮೇಲೆ ಓರೆಯಾಗಿ ಒಂದೇ ಒಂದು ಸಲ ಹಾಯ್ದು, ಮುಂದಿನ ಸುತ್ತನ್ನು ಲಿವರ್‌ನ ಮೇಲ್ಬದಿಯಲ್ಲಿ ಹಾಕುತ್ತದೆ. ಓರೆ ಹಾಯಿಸುವಾಗ ಎರಡು ಪಕ್ಕಗಳಲ್ಲಿ ಉಳಿಯುವ ಮುಕ್ಕೋನದ ಸಂದುಗಳಲ್ಲಿ ಲೋಹದ ಬದಲು ಬಿಡಿ ತುಂಡು ಕಾಣುತ್ತದೆ. ಹೊದಿಕೆ ಇಳಿಸಿದ ಮೇಲೆ ಅದೂ ಕಾಣದು. ಈ ಒಂದು ಹಾಯ್ದಾಟದಲ್ಲಿ ಪಟ್ಟಿಯನ್ನು ಬಿಗಿಯಾಗಿ ಎಳೆಯದಿದ್ದರೆ ಮೇಲಿನ ಸುತ್ತುಗಳೆಲ್ಲ ಸಡಿಲಾಗುತ್ತವೆಯಾದ್ದರಿಂದ, ಮುಂದಿನ ಎರಡು ಸುತ್ತು ಮುಗಿಯುವ ತನಕ ನಾನು ಎಡಗೈ ಹೆಬ್ಬೆರಳನ್ನು ಅಲ್ಲಿಂದ ತೆಗೆಯುವುದಿಲ್ಲ.

ಸುತ್ತಲು ಆರಂಭಿಸುವುದು ಹ್ಯಾಂಡಲ್ಲಿನ ಕೆಳತುದಿಯಿಂದ. ಅಲ್ಲಿ ಪಟ್ಟಿಯ ಅರ್ಧ ಅಗಲವನ್ನು ಹೊರಗೆ ಬಿಟ್ಟು, ಅದನ್ನು ಕೊಳವೆಯೊಳಕ್ಕೆ ಮಡಚಿ ಬಿರಡೆ ಬಡಿಯುತ್ತೇನೆ. ಬಿರಡೆ ಅಂದಕ್ಕಲ್ಲ: ಬಾಯ್ತೆರೆದ ಕೊಳವೆಯ ಮೇಲೆ ಬಿದ್ದರೆ ಅದು ಮಾಂಸವನ್ನೇ ಕತ್ತರಿಸುತ್ತದೆ, ಸ್ಪರ್ಧೆಗಳಲ್ಲಿಯೂ ಅದು ಕಡ್ಡಾಯ. ದಿಕ್ಕಿನ ವಿಷಯದಲ್ಲಿ, ಸೈಕಲ್ಲಿನ ಹಿಂದೆ ನಿಂತು ನೋಡಿದಾಗ ಬಲಬದಿಯನ್ನು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿಯೂ ಎಡಬದಿಯನ್ನು ಮುಳ್ಳಿನಂತೆಯೂ ಸುತ್ತುತ್ತೇನೆ. ಹೀಗೆ ಮಾಡಿದರೆ ಹ್ಯಾಂಡಲ್ಲಿನ ಮೇಲಿನ ಅಡ್ಡ ಭಾಗದಲ್ಲಿ ಪಟ್ಟಿ ಸವಾರನ ಕಡೆಗೆ ಉರುಳಿ ಬರುತ್ತದೆ. ಏರಿನಲ್ಲಿ ಕೈ ಹಿಂದಕ್ಕೆ ಎಳೆದಷ್ಟೂ ಅದು ಬಿಗಿಯಾಗುತ್ತದೆ. ಕೆಳಭಾಗವನ್ನೇ ಹಿಡಿದು ಜೋರಾಗಿ ಓಡಿಸುವವರಿಗೆ ಅಲ್ಲಿ ಇದರ ವಿರುದ್ಧ ದಿಕ್ಕು ಬೇಕು, ಅಂಥವರು ಎಂಟರ ಆಕಾರದ ಸುತ್ತಿನಿಂದ ಲಿವರ್ ಬಳಿ ದಿಕ್ಕನ್ನೇ ಬದಲಿಸಿಕೊಳ್ಳುತ್ತಾರೆ. ನನ್ನ ಕೈ ಬಹುಪಾಲು ಮೇಲೆಯೇ ಇರುತ್ತದೆ. ಬಾಗಿನಲ್ಲಿ ಹೊರಮೈಯಲ್ಲಿ ಸುತ್ತುಗಳು ದೂರ ಸರಿದು ಒಳಮೈಯಲ್ಲಿ ಒತ್ತೊತ್ತಾಗುವುದರಿಂದ ಅಲ್ಲಿ ಮೇಲೇರಿಕೆಯನ್ನು ಹೆಚ್ಚಿಸಬೇಕು. ಲೋಹ ಇಣುಕಿದರೆ ಎರಡು ಸುತ್ತು ಬಿಚ್ಚಿ ಮತ್ತೆ ಸುತ್ತುವುದೇ ಉಪಾಯ.

ಮೇಲಿನ ತುದಿಯನ್ನು ಪ್ಲಾಸ್ಟಿಕ್ ಟೇಪಿನಿಂದ ಮುಗಿಸುವುದು ನನಗೆ ಇಷ್ಟವಿಲ್ಲ. ಚಪ್ಪಲಿ ಹೊಲಿಯುವ ಮೇಣದ ದಾರವನ್ನು ಒಂದು ಕುಣಿಕೆಯಾಗಿ ಪಟ್ಟಿಯ ಮೇಲೆ ಇಟ್ಟು, ಆ ಕುಣಿಕೆಯ ಮೇಲೆಯೇ ದಾರವನ್ನು ಒತ್ತೊತ್ತಾಗಿ ಸುತ್ತಿ, ಕೊನೆಯನ್ನು ಕುಣಿಕೆಯೊಳಗೆ ತೂರಿಸಿ, ಇನ್ನೊಂದು ತುದಿಯನ್ನು ಎಳೆದರೆ ಕೊನೆ ಸುತ್ತುಗಳ ಅಡಿಗೆ ಸೇರಿಹೋಗುತ್ತದೆ. ಗಂಟು ಮೇಲೆ ಕಾಣುವುದೇ ಇಲ್ಲ.

ಅರಗಿನ ಚಕ್ಕೆಯನ್ನು ನಮ್ಮ ಕಡೆ ಬಡಗಿಗಳು ಚಪಡಾ ಎನ್ನುತ್ತಾರೆ, ಮರಕ್ಕೆ ಪಾಲಿಶ್ ಮಾಡುವ ಸಾಮಾನು ಇರುವಲ್ಲಿ ಸಿಗುತ್ತದೆ. 100 ಮಿ.ಲೀ. ಸ್ಪಿರಿಟ್‌ಗೆ 20 ಗ್ರಾಂ ಹಾಕಿ ರಾತ್ರಿ ಮುಚ್ಚಿಟ್ಟು, ಬೆಳಗ್ಗೆ ಬಟ್ಟೆಯಲ್ಲಿ ಸೋಸಿಕೊಳ್ಳಬೇಕು. ಸ್ಪಿರಿಟ್ ಬೇಗ ಹೊತ್ತಿಕೊಳ್ಳುವುದರಿಂದ ಅಡುಗೆಮನೆಯಿಂದ ದೂರ. ನನಗೆ ಈ ಕೆಲಸ ಕಲಿಸಿದ ಹಿರಿಯ ಬಡಗಿಯೊಬ್ಬರು ಹೇಳಿದ್ದು ಇಷ್ಟೇ: “ದಪ್ಪ ಹಚ್ಚಬ್ಯಾಡ್ರಿ ಸರ, ತೆಳ್ಳಗ ಹಚ್ರಿ, ಒಣಗ್ಲಿ, ಮತ್ತ ಹಚ್ರಿ.” ಮೂರು ನಾಲ್ಕು ಲೇಪವಾದಾಗ ಬಿಳಿ ಬಟ್ಟೆ ಬೆಲ್ಲದ ಬಣ್ಣಕ್ಕೆ ತಿರುಗುತ್ತದೆ, ನೇಯ್ಗೆಯ ಒರಟು ಕೈಗೆ ಇನ್ನೂ ತಾಗುತ್ತಿರುತ್ತದೆ. ಅದಕ್ಕಿಂತ ಹೆಚ್ಚು ಹಚ್ಚಿದರೆ ಹೊಳಪು ಬರುತ್ತದೆ, ಆದರೆ ಹಿಡಿತ ಹೋಗುತ್ತದೆ. ಮಳೆಗಾಲದ ತೇವದ ಗಾಳಿಯಲ್ಲಿ ಲೇಪ ಬೆಳ್ಳಗೆ ಮಸುಕಾಗುವುದರಿಂದ ಒಣ ದಿನಗಳಲ್ಲಿಯೇ ಹಚ್ಚುವುದು ಮೇಲು. ಲೇಪ ಪೂರ್ತಿ ಒಣಗುವವರೆಗೆ ರಬ್ಬರ್ ಹೊದಿಕೆಯನ್ನು ಹಿಂದಕ್ಕೆ ಇಳಿಸಬಾರದು. ಇಳಿಸಿದರೆ ಅದು ಬಟ್ಟೆಗೆ ಅಂಟಿ, ಮುಂದೆ ಲಿವರ್ ತೆಗೆಯುವಾಗ ಹರಿಯುತ್ತದೆ.

ಹೀಗೆ ಸುತ್ತಿದ ಹ್ಯಾಂಡಲ್ಲಿಗೆ ಧೂಳು ಕೂತರೆ ಒದ್ದೆ ಬಟ್ಟೆಯಿಂದ ಒರೆಸಿದರಾಯಿತು. ಮೊದಲು ಸವೆಯುವುದು ಲಿವರ್‌ನ ಹಿಂದಿನ ಮತ್ತು ಮೇಲಿನ ಭಾಗ. ಕೆಳಗಿನಿಂದ ಸುತ್ತಿರುವುದರಿಂದ ಆಗ ಎಲ್ಲವನ್ನೂ ಬಿಚ್ಚುವ ಅಗತ್ಯವಿಲ್ಲ: ದಾರ ಕತ್ತರಿಸಿ, ಅರಗನ್ನು ಸ್ಪಿರಿಟ್‌ನಿಂದ ಮೆದುಮಾಡಿ ಲಿವರ್‌ನ ತನಕ ಮಾತ್ರ ಬಿಚ್ಚಿ, ಹಳೆಯ ಪಟ್ಟಿಯನ್ನು ಹೊದಿಕೆಯ ಅಡಿಯಲ್ಲಿ ಕತ್ತರಿಸಿ, ಹೊಸದನ್ನು ಅಲ್ಲಿಂದಲೇ ಆರಂಭಿಸಬಹುದು. ಜೋಡಣೆ ರಬ್ಬರಿನ ಕೆಳಗೆ ಉಳಿಯುತ್ತದೆ. ಹೊಸ ಭಾಗ ಹಳೆಯದಕ್ಕಿಂತ ತಿಳಿಯಾಗಿ ಕಂಡರೆ ಅದಕ್ಕೆ ಇನ್ನೊಂದು ಲೇಪ ಹೆಚ್ಚು ಕೊಡುತ್ತೇನೆ.