ಬ್ಯಾನ್ಶೀ ಕ್ವಾಡಿನ ಮುರಿದ ಕ್ರ್ಯಾಂಕ್: ಎಂಜಿನ್ನನ್ನು ಮತ್ತೆ ಕಟ್ಟಿದ ನನ್ನ ಅನುಭವ

ಕಳೆದ ಡಿಸೆಂಬರಿನಲ್ಲಿ ಚಿಕ್ಕಮಗಳೂರಿನ ನನ್ನ ವರ್ಕ್‌ಶಾಪಿಗೆ ಯಮಹಾ ಬ್ಯಾನ್ಶೀ ಎಂಬ ನಾಲ್ಕು ಚಕ್ರದ ಕ್ವಾಡ್ ಬೈಕೊಂದನ್ನು ಪಿಕಪ್ ಗಾಡಿಯಲ್ಲಿ ಹಗ್ಗ ಬಿಗಿದು ತಂದರು. ಗಿರಿಯ ಕಡೆಯ ಕಾಫಿ ತೋಟದ ಯುವಕರೊಬ್ಬರು ಅದನ್ನು ಮಣ್ಣಿನ ಟ್ರ್ಯಾಕಿನಲ್ಲಿ ಓಡಿಸುತ್ತಿದ್ದರು. ಹಾಸನದ ಬಳಿ ಬೆಳಗಿನ ಅಭ್ಯಾಸದಲ್ಲಿ, ಪೂರ್ತಿ ಆಕ್ಸಿಲರೇಟರ್ ಕೊಟ್ಟಿದ್ದಾಗಲೇ ಎಂಜಿನ್ ಕಟಕಟ ಸದ್ದು ಮಾಡಿ ಹಿಡಿದುಕೊಂಡಿತ್ತು. "ಅಣ್ಣಾ, ಹೊಸ ಕ್ರ್ಯಾಂಕ್ ತರಿಸಿ ಹಾಕಿಬಿಡಿ, ತಿಂಗಳೊಳಗೆ ಓಡಿಸಬೇಕು" ಎಂದರು. ಕ್ರ್ಯಾಂಕ್ ಎಂದರೆ ಪಿಸ್ಟನ್ನಿನ ಮೇಲೆ-ಕೆಳಗಿನ ಓಡಾಟವನ್ನು ತಿರುಗುವಿಕೆಯಾಗಿ ಬದಲಿಸುವ ಎಂಜಿನ್ನಿನ ಮುಖ್ಯ ದಂಡ. ಹೊಸದನ್ನು ಹಾಕುವುದು ದೊಡ್ಡ ಕೆಲಸವಲ್ಲ. ಆದರೆ ಹಳೆಯದನ್ನು ಕೊಂದ ಕಾರಣ ಎಂಜಿನ್ನಿನಲ್ಲೇ ಉಳಿದಿದ್ದರೆ ಹೊಸದಕ್ಕೂ ಅದೇ ಗತಿ ಎಂದು ಹೇಳಿ, ನನಗೆ ಬೇಕಾದಷ್ಟು ದಿನ ಕೇಳಿ ಪಡೆದೆ.

ಬ್ಯಾನ್ಶೀಯದು ನೀರಿನಿಂದ ತಂಪಾಗುವ, ಎರಡು ಸಿಲಿಂಡರಿನ, 347 ಸಿ.ಸಿ.ಯ ಟೂ-ಸ್ಟ್ರೋಕ್ ಎಂಜಿನ್. ಅದರ ಬೋರ್ (ಸಿಲಿಂಡರಿನ ಒಳ ವ್ಯಾಸ) 64 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಸಾಗುವ ದೂರ) 54 ಮಿ.ಮೀ.; ನಮ್ಮಲ್ಲಿ ಎಂಬತ್ತರ ದಶಕದಲ್ಲಿ ಎಸ್ಕಾರ್ಟ್ಸ್ ತಯಾರಿಸಿದ ರಾಜದೂತ್ 350 ಬೈಕಿನ ಅಳತೆಗಳೂ ಇವೇ. ರಾಜದೂತ್ ಗಾಳಿಯಿಂದ ತಂಪಾಗುತ್ತದೆ, ಬಿಡಿಭಾಗಗಳು ಹೊಂದುವುದಿಲ್ಲ. ಆದರೂ ಇಪ್ಪತ್ತು ವರ್ಷ ರಾಜದೂತ್ ಮತ್ತು ಯೆಜ್ಡಿ ಬೈಕುಗಳ ಕ್ರ್ಯಾಂಕನ್ನು ಪ್ರೆಸ್ ಯಂತ್ರದಲ್ಲಿ ಒತ್ತಿ ಬಿಡಿಸಿ ಜೋಡಿಸಿದ ಕೈಗೆ ಈ ಎಂಜಿನ್ ಅಪರಿಚಿತವೆನಿಸಲಿಲ್ಲ.

ಒಂದು ಬೋಲ್ಟನ್ನೂ ಬಿಚ್ಚುವ ಮೊದಲು ನಾನು ಲೀಕ್ ಪರೀಕ್ಷೆ ಮಾಡಿದೆ, ಏಕೆಂದರೆ ಕ್ರ್ಯಾಂಕ್‌ಕೇಸ್ ತೆರೆದ ಕ್ಷಣವೇ ಗಾಳಿ ಎಲ್ಲಿಂದ ನುಗ್ಗುತ್ತಿತ್ತು ಎಂಬುದಕ್ಕೆ ಸಾಕ್ಷಿ ಅಳಿಸಿಹೋಗುತ್ತದೆ. ಸೈಲೆನ್ಸರ್ ಬಾಯಿಗೆ ಟ್ಯೂಬಿನ ರಬ್ಬರ್ ತುಂಡಿಟ್ಟು ತಗಡು ಬಿಗಿದು, ಕಾರ್ಬುರೇಟರ್ ಕೂರುವ ಜಾಗಕ್ಕೆ ನಳಿಗೆಯಿರುವ ಬಿರಡೆ ಹಾಕಿ, ಬಿ.ಪಿ. ನೋಡುವ ಉಪಕರಣದ ಬಲ್ಬಿನಿಂದಲೇ ಗಾಳಿ ತುಂಬಿದೆ. ಅದರ ಮಾಪಕದಲ್ಲಿ 280 ಎಂದರೆ ಸುಮಾರು ಐದೂವರೆ ಪಿ.ಎಸ್.ಐ.; ಈ ಪರೀಕ್ಷೆಗೆ ಅಷ್ಟು ಸಾಕು, ಅದಕ್ಕಿಂತ ಹೆಚ್ಚು ಒತ್ತಡ ಕೊಟ್ಟರೆ ಒಳ್ಳೆಯ ಸೀಲೂ ಹೊರಗೆ ಜಾರೀತು. ಬಲ ಸಿಲಿಂಡರಿನ ಕಡೆ ಮುಳ್ಳು ಕದಲಲಿಲ್ಲ. ಎಡಗಡೆ ಮಾತ್ರ ಕಣ್ಣೆದುರಿಗೇ ಇಳಿಯತೊಡಗಿತು. ಸೋಪಿನ ನೀರು ಹಚ್ಚಿ ನೋಡಿದರೆ ಕ್ರ್ಯಾಂಕಿನ ಎಡ ತುದಿಯಲ್ಲಿದ್ದು ವಿದ್ಯುತ್ ಹುಟ್ಟಿಸುವ ಮ್ಯಾಗ್ನೆಟ್ಟಿನ ಹಿಂದಿನಿಂದ ಗುಳ್ಳೆಗಳು ಏಳುತ್ತಿದ್ದವು. ಅಲ್ಲಿ ಗಾಳಿ ಸೋರದಂತೆ ಕ್ರ್ಯಾಂಕನ್ನು ಸುತ್ತುವರಿದ ರಬ್ಬರ್ ಬಳೆಯ, ಅಂದರೆ ಕ್ರ್ಯಾಂಕ್ ಸೀಲಿನ, ತುಟಿ ಗಟ್ಟಿಯಾಗಿ ಹೋಗಿತ್ತು.

ಬಲಗಡೆಯ ಸೀಲ್ ಸೋರಿದರೆ ಎಂಜಿನ್ ಗೇರ್ ಎಣ್ಣೆಯನ್ನು ಎಳೆದುಕೊಂಡು ಬಿಳಿ ಹೊಗೆ ಬಿಡುತ್ತದೆ, ಹೀಗಾಗಿ ಯಾರಿಗಾದರೂ ಗೊತ್ತಾಗುತ್ತದೆ. ಎಡಗಡೆಯದು ಸೋರಿದರೆ ಒಳಗೆ ಬರುವುದು ಬರೀ ಗಾಳಿ, ಹೊರಗೆ ಯಾವ ಗುರುತೂ ಕಾಣುವುದಿಲ್ಲ. ಪೆಟ್ರೋಲಿನ ಪಾಲು ಕಡಿಮೆಯಾಗಿ ಸಿಲಿಂಡರ್ ಕಾಯುತ್ತದೆ; ಅದಕ್ಕಿಂತ ಕೆಟ್ಟದ್ದೆಂದರೆ, ಟೂ-ಸ್ಟ್ರೋಕಿನಲ್ಲಿ ಬೇರಿಂಗಿಗೆ ಎಣ್ಣೆ ಬರುವುದೂ ಆ ಪೆಟ್ರೋಲಿನ ಜೊತೆಗೇ ಆದ್ದರಿಂದ, ಶಾಖ ಹೆಚ್ಚಿದ ಹೊತ್ತಿನಲ್ಲೇ ಎಣ್ಣೆಯೂ ಕಡಿಮೆಯಾಗುತ್ತದೆ. ಇದರ ಮೇಲೆ ಕಾರ್ಬುರೇಟರಿನಲ್ಲಿದ್ದ ಜೆಟ್‌ಗಳು (ಪೆಟ್ರೋಲಿನ ಪ್ರಮಾಣ ನಿರ್ಧರಿಸುವ ತೂತಿನ ತಿರುಪುಗಳು) ಸುಮಾರು 1,400 ಮೀಟರ್ ಎತ್ತರದ ತೋಟದ ತೆಳು ಗಾಳಿಗೆಂದು ಆರಿಸಿದ ಸಣ್ಣ ಜೆಟ್‌ಗಳು. ಸಾವಿರ ಮೀಟರಿಗಿಂತ ಕೆಳಗಿರುವ ಹಾಸನದಲ್ಲಿ, ಅದೂ ಡಿಸೆಂಬರಿನ ಚಳಿಯ ಬೆಳಗಿನಲ್ಲಿ, ಗಾಳಿ ಮತ್ತಷ್ಟು ಸಾಂದ್ರವಾಗಿದ್ದುದರಿಂದ ಅವು ಕೊಡುತ್ತಿದ್ದ ಪೆಟ್ರೋಲ್ ಸಾಲದಾಯಿತು.

ಎಂಜಿನ್ ಬಿಚ್ಚಿದಾಗ ಕಂಡದ್ದು ಇದಕ್ಕೆ ಹೊಂದಿಕೆಯಾಗಿಯೇ ಇತ್ತು. ಎಡ ಪಿಸ್ಟನ್ನಿನ ಸೈಲೆನ್ಸರ್ ಬದಿಯಲ್ಲಿ ಉದ್ದನೆಯ ಗೀರುಗಳಿದ್ದವು, ಕನೆಕ್ಟಿಂಗ್ ರಾಡಿನ ಕೆಳತುದಿ ಶಾಖಕ್ಕೆ ನೀಲಿಗಟ್ಟಿತ್ತು, ರಾಡು ಕ್ರ್ಯಾಂಕಿಗೆ ಸೇರುವಲ್ಲಿನ ಬಿಗ್ ಎಂಡ್ ಬೇರಿಂಗಿನ ಕೇಜ್ (ರೋಲರುಗಳನ್ನು ಹಿಡಿದಿಡುವ ಚೌಕಟ್ಟು) ಚೂರುಚೂರಾಗಿತ್ತು. ಹಠಾತ್ತಾಗಿ ಹಿಡಿದ ಹೊಡೆತಕ್ಕೆ ಪ್ರೆಸ್ ಮಾಡಿ ಕೂರಿಸಿದ ಪಿನ್ ಕೂಡ ಜಾರಿ, 180 ಡಿಗ್ರಿ ಎದುರುಬದುರಾಗಿರಬೇಕಾದ ಎರಡು ಪಿಸ್ಟನ್‌ಗಳ ನಡುವೆ ಸುಮಾರು ಎರಡು ಡಿಗ್ರಿ ವ್ಯತ್ಯಾಸವಾಗಿತ್ತು.

ಹೆಚ್ಚು ಹೊತ್ತು ಹಿಡಿದದ್ದು ಬೇರಿಂಗಿನ ಚೂರು ಹುಡುಕುವ ಕೆಲಸ. ಬಲಗಡೆಯ ಬೇರಿಂಗಿನ ರೋಲರುಗಳನ್ನು ಎಣಿಸಿಕೊಂಡು, ಎಡಗಡೆ ಸಿಕ್ಕ ತುಂಡುಗಳನ್ನು ಬಿಳಿ ಬಟ್ಟೆಯ ಮೇಲೆ ಒಂದೊಂದೇ ಜೋಡಿಸಿದೆ. ಎರಡು ಕಡಿಮೆ ಬಂದವು. ಡೀಸೆಲ್ಲಿನಲ್ಲಿ ತೊಳೆದು ಗಾಳಿ ಹೊಡೆದರೂ ಸಿಗಲಿಲ್ಲ. ಒಂದು ರೋಲರ್, ಪೆಟ್ರೋಲು-ಗಾಳಿ ಪಿಸ್ಟನ್ನಿನ ಮೇಲಕ್ಕೆ ಹೋಗುವ ಸಿಲಿಂಡರಿನ ಟ್ರಾನ್ಸ್‌ಫರ್ ದಾರಿಯ ತಿರುವಿನಲ್ಲಿ, ಅಲ್ಯೂಮಿನಿಯಂಗೆ ಅಂಟಿಕೊಂಡಂತೆ ಕೂತಿತ್ತು. ಇನ್ನೊಂದಕ್ಕಾಗಿ ಎರಡನೆಯ ದಿನ ಸೈಲೆನ್ಸರನ್ನೇ ತಲೆಕೆಳಗೆ ಮಾಡಿ ಮರದ ಸುತ್ತಿಗೆಯಿಂದ ತಟ್ಟಿದಾಗ ಅಲ್ಲಿಂದ ಬಿತ್ತು. ಎಣಿಸದೆ ಜೋಡಿಸಿದ್ದರೆ ತಿರುವಿನಲ್ಲಿದ್ದ ಆ ರೋಲರ್ ಮೊದಲ ಓಟದಲ್ಲೇ ಹೊಸ ಪಿಸ್ಟನ್ನಿನ ಮೇಲೇರುತ್ತಿತ್ತು.

ಕ್ರ್ಯಾಂಕನ್ನು ಪೂರ್ತಿ ಬಿಡಿಸಿ ಎರಡೂ ರಾಡು, ಪಿನ್ನು, ಬೇರಿಂಗುಗಳು, ನಾಲ್ಕು ಮೇನ್ ಬೇರಿಂಗುಗಳು ಮತ್ತು ನಡುವಿನ ಲ್ಯಾಬಿರಿಂತ್ ಸೀಲನ್ನು ಬದಲಿಸಿದೆ. ಎರಡು ಸಿಲಿಂಡರುಗಳ ಕೆಳಗಿನ ಕೋಣೆಗಳನ್ನು ಬೇರ್ಪಡಿಸುವ ಈ ನಡು ಸೀಲನ್ನು ಕ್ರ್ಯಾಂಕ್ ಬಿಡಿಸದೆ ಮುಟ್ಟಲಾಗುವುದಿಲ್ಲ, ಆದ್ದರಿಂದ ಹಳೆಯದು ಚೆನ್ನಾಗಿದೆಯೆಂದು ಕಂಡರೂ ಉಳಿಸಬಾರದು. ಪ್ರೆಸ್ಸಿನಿಂದ ಇಳಿಸಿ ವಿ-ಬ್ಲಾಕಿನ ಮೇಲಿಟ್ಟು ಡಯಲ್ ಗೇಜ್ ಹಚ್ಚಿದಾಗ ಒಂದು ತುದಿ 0.11 ಮಿ.ಮೀ. ಓಲಾಡುತ್ತಿತ್ತು. ತಾಮ್ರದ ಸುತ್ತಿಗೆಯಿಂದ ಒಂದು ಪೆಟ್ಟು, ಮತ್ತೆ ಅಳತೆ, ಮತ್ತೊಂದು ಪೆಟ್ಟು, ಮತ್ತೆ ಅಳತೆ ಎಂದು ಮಧ್ಯಾಹ್ನದಿಂದ ಕತ್ತಲಾಗುವವರೆಗೆ ಕೂತು ಎರಡೂ ತುದಿಗಳನ್ನು 0.02ಕ್ಕೆ ತಂದೆ. ಪಿನ್ ಒಮ್ಮೆ ಜಾರಿದ ಕ್ರ್ಯಾಂಕ್ ಆದ್ದರಿಂದ ಪಿನ್ನಿನ ಅಂಚುಗಳಿಗೆ ಟಿಗ್ ವೆಲ್ಡಿಂಗ್ ಮಾಡಿಸಿದೆ. ವೆಲ್ಡಿಂಗಿನ ಶಾಖ ಲೋಹವನ್ನು ಎಳೆಯುವುದರಿಂದ ಆಮೇಲೆ ಮತ್ತೊಮ್ಮೆ ಅಳೆದು ತಿದ್ದಬೇಕಾಯಿತು. ಇಷ್ಟು ಶ್ರಮದಿಂದ ನೇರ ಮಾಡಿದ ಕ್ರ್ಯಾಂಕಿನ ತುದಿಗೆ ಮ್ಯಾಗ್ನೆಟ್ ಬಿಚ್ಚಲೆಂದು ಸುತ್ತಿಗೆಯಿಂದ ಹೊಡೆಯುವವರನ್ನು ಕಂಡರೆ ನನಗೆ ಇಂದಿಗೂ ಸಂಕಟವಾಗುತ್ತದೆ. ದಯವಿಟ್ಟು ಅದನ್ನು ಎಳೆದು ಬಿಚ್ಚುವ ಪುಲ್ಲರ್ ಬಳಸಿ.

ಸಿಲಿಂಡರುಗಳನ್ನು 64.50 ಮಿ.ಮೀ.ಗೆ ಬೋರ್ ಮಾಡಿಸಿ, ಪೋರ್ಟುಗಳ (ಸಿಲಿಂಡರ್ ಗೋಡೆಯ ಕಿಂಡಿಗಳ) ಅಂಚನ್ನು ರಿಂಗ್ ಸಿಕ್ಕಿಕೊಳ್ಳದಂತೆ ಸವರಿಸಿದೆ. ಈ ಎಂಜಿನ್ನಿನ ಕೇಸ್ ಅಡ್ಡಲಾಗಿ ಸೀಳಿಕೊಳ್ಳುವುದರಿಂದ ಮೇಲಿನ ಅರ್ಧವನ್ನು ಬೋರಲು ಹಾಕಿ ಅದರಲ್ಲಿ ಕ್ರ್ಯಾಂಕ್ ಕೂರಿಸಬೇಕು. ಆಗ ಬೇರಿಂಗಿನ ಪಿನ್‌ಗಳು ತಮ್ಮ ತಮ್ಮ ಕುಳಿಗಳಲ್ಲಿ, ಸೀಲಿನ ಏಣು ಅದರ ತೋಡಿನಲ್ಲಿ ಬಿದ್ದಿವೆಯೇ ಎಂದು ಬೆರಳಾಡಿಸಿ ನೋಡಿದ ಮೇಲೆಯೇ ಲಿಕ್ವಿಡ್ ಗ್ಯಾಸ್ಕೆಟ್ ಹಚ್ಚಿದೆ. ಪಿಸ್ಟನ್ ಮತ್ತು ಹೆಡ್ಡಿನ ನಡುವಿನ ಅಂತರವನ್ನು ಸೋಲ್ಡರ್ ತಂತಿ ಒತ್ತಿಸಿ ಅಳೆದೆ: 1.2 ಮಿ.ಮೀ. ಕೊನೆಗೆ ಅದೇ ಬಿ.ಪಿ. ಬಲ್ಬಿನಿಂದ ಎರಡೂ ಕಡೆ ಗಾಳಿ ತುಂಬಿದಾಗ ಆರು ನಿಮಿಷ ಮುಳ್ಳು 280ರಲ್ಲೇ ನಿಂತಿತ್ತು.

ಮೂರು ಸಲ ಬಿಸಿ ಮಾಡಿ ಪೂರ್ತಿ ಆರಲು ಬಿಟ್ಟು, ಮೊದಲ ಟ್ಯಾಂಕ್ ಪೆಟ್ರೋಲನ್ನು ಅರ್ಧ ಆಕ್ಸಿಲರೇಟರಿನೊಳಗೇ ಮುಗಿಸಿದೆವು. ಪ್ಲಗ್ ತೆಗೆದು ನೋಡಿದಾಗ ಎಡದ್ದೂ ಬಲದ್ದೂ ಒಂದೇ ಕಂದು ಬಣ್ಣದಲ್ಲಿದ್ದವು. ತೋಟದಲ್ಲಿ ಓಡಿಸುವಾಗ ಒಂದು, ಹಾಸನದ ಕಡೆ ಇಳಿಸುವಾಗ ಇನ್ನೊಂದು ಎಂದು ಎರಡು ಜೊತೆ ಮೇನ್ ಜೆಟ್‌ಗಳನ್ನು ಚೀಟಿ ಅಂಟಿಸಿ ಗಾಡಿಯ ಜೊತೆಗೇ ಕೊಟ್ಟು, ಅವನ್ನು ಬದಲಿಸುವ ಕ್ರಮವನ್ನು ಆ ಯುವಕರ ಕೈಯಿಂದಲೇ ಎರಡು ಸಲ ಮಾಡಿಸಿ ಕಳುಹಿಸಿದೆ.