ಮನೆ ಸರ್ವರಿನಲ್ಲಿ ಸೆಕ್ಯುರಿಟಿ ಲ್ಯಾಬ್: ಬೇಲಿ ಎಲ್ಲಿ ಸೋರುತ್ತದೆ

ಪ್ರಾಕ್ಸ್‌ಮಾಕ್ಸ್ (ಒಂದೇ ಯಂತ್ರದಲ್ಲಿ ಹಲವು ವರ್ಚುವಲ್ ಕಂಪ್ಯೂಟರ್ ನಡೆಸುವ ಸಾಫ್ಟ್‌ವೇರ್) ಹಾಕಿದ 16 ಜಿಬಿ ಮೆಮೊರಿಯ ಮಿನಿ ಪಿಸಿಯಲ್ಲಿ ಮೂರು ವಿಎಂ (ವರ್ಚುವಲ್ ಕಂಪ್ಯೂಟರ್) ಇಟ್ಟಿದ್ದೇನೆ: ಫೈರ್‌ವಾಲ್‌ಗೆ ಓಪಿಎನ್‌ಸೆನ್ಸ್ (4 ಜಿಬಿ), ದಾಳಿ ಕಲಿಯೋಕೆ ಕಾಲಿ ಲಿನಕ್ಸ್ (4 ಜಿಬಿ), ಏಟು ತಿನ್ನೋಕೆ ಮೆಟಾಸ್ಪ್ಲಾಯ್ಟಬಲ್ 2 (512 ಎಂಬಿ ಧಾರಾಳ). ಕೆವಿಎಂ (ವಿಎಂ ನಡೆಸುವ ಲಿನಕ್ಸ್‌ನ ಭಾಗ) ಲಭ್ಯವಿಲ್ಲ ಅಂತ ಎರರ್ ಬಂದು ವಿಎಂ ಶುರುವಾಗದಿದ್ದರೆ ಮೊದಲು ಬಯೋಸ್ ನೋಡಿ. ವಿಎಂಗೆ ಬೇಕಾದ ಪ್ರೊಸೆಸರ್ ಸೌಲಭ್ಯ ವಿಟಿ-ಎಕ್ಸ್ (ಎಎಂಡಿ ಆದರೆ ಎಸ್‌ವಿಎಂ) ಸಾಮಾನ್ಯವಾಗಿ ಆಫ್ ಆಗಿರುತ್ತದೆ.

ಮನೆಯ ನೆಟ್‌ವರ್ಕಿಗೆ ಸೇರಿದ ಬ್ರಿಡ್ಜ್ (ವಿಎಂಗಳನ್ನು ಜೋಡಿಸುವ ವರ್ಚುವಲ್ ಸ್ವಿಚ್) ವಿಎಂಬಿಆರ್0 ಮೊದಲೇ ಇರುತ್ತದೆ. ಅದರ ಜೊತೆಗೆ ವಿಎಂಬಿಆರ್1 ಮತ್ತು ವಿಎಂಬಿಆರ್2 ಮಾಡಿ, ಎರಡರಲ್ಲೂ ಪೋರ್ಟ್ ಮತ್ತು ಐಪಿ ಜಾಗ ಖಾಲಿ ಬಿಡಿ. ಓಪಿಎನ್‌ಸೆನ್ಸ್‌ನ ವ್ಯಾನ್ (ಹೊರಗಿನ ಕಡೆ) ವಿಎಂಬಿಆರ್0ಗೆ, ಲ್ಯಾನ್ (ಒಳಗಿನ ಕಡೆ) ವಿಎಂಬಿಆರ್1ಕ್ಕೆ. ಕಾಲಿಗೆ ಎರಡು ಕಾರ್ಡ್: ಒಂದು 1ರಲ್ಲಿ, ಇನ್ನೊಂದು 2ರಲ್ಲಿ. ಮೆಟಾಸ್ಪ್ಲಾಯ್ಟಬಲ್ ಇರೋದು ವಿಎಂಬಿಆರ್2ರಲ್ಲಿ ಮಾತ್ರ. ಬೇಕಂತಲೇ ತೂತು ಬಿಟ್ಟು ಮಾಡಿದ ಮಷೀನಿಗೆ ಇಂಟರ್ನೆಟ್ ಯಾಕೆ? ಅಲ್ಲಿ ಡಿಎಚ್‌ಸಿಪಿ (ಐಪಿ ವಿಳಾಸವನ್ನು ತಾನಾಗಿ ಹಂಚುವ ಸೇವೆ) ಇರೋದಿಲ್ಲ, ಐಪಿ ಕೈಯಾರೆ ಕೊಡಬೇಕು.

ಓಪಿಎನ್‌ಸೆನ್ಸ್‌ನ ಲ್ಯಾನ್ ವಿಳಾಸ ಮೂಲದಲ್ಲಿ 192.168.1.1. ಎಷ್ಟೋ ಮನೆ ರೂಟರ್‌ಗಳದ್ದೂ ಅದೇ. ಎರಡೂ ಕಡೆ ಒಂದೇ ಸಬ್‌ನೆಟ್ (ವಿಳಾಸಗಳ ವ್ಯಾಪ್ತಿ) ಆದರೆ ಏನೂ ಓಡೋದಿಲ್ಲ. ಕನ್ಸೋಲ್ ಮೆನುವಿನ 2ನೇ ಆಯ್ಕೆಯಲ್ಲಿ 10.50.50.1/24 ಕೊಟ್ಟು ಡಿಎಚ್‌ಸಿಪಿ ಆನ್ ಮಾಡಿ.

ಇಷ್ಟಕ್ಕೆ ಕಾಲಿಯಲ್ಲಿ ಇಂಟರ್ನೆಟ್ ಬರುತ್ತದೆ, ಬಹಳ ಜನ ಇಲ್ಲಿಗೇ ಕೈ ತೊಳೆದುಕೊಳ್ಳುತ್ತಾರೆ. ಆದರೆ ಲ್ಯಾಬ್ ಇನ್ನೂ ಬೇರೆಯಾಗಿಲ್ಲ. ಓಪಿಎನ್‌ಸೆನ್ಸ್‌ನ ಕಣ್ಣಿಗೆ ನಿಮ್ಮ ಮನೆಯ ನೆಟ್‌ವರ್ಕೇ 'ಹೊರಗಿನ ಇಂಟರ್ನೆಟ್'. ಲ್ಯಾನ್‌ನಿಂದ ಎಲ್ಲಿಗಾದರೂ ಹೋಗಬಹುದು ಅನ್ನೋ ಮೂಲ ನಿಯಮದಲ್ಲಿ ನಿಮ್ಮ ನಾಸ್ (ಫೈಲ್ ಇಡುವ ನೆಟ್‌ವರ್ಕ್ ಸ್ಟೋರೇಜ್), ಟಿವಿ, ಪ್ರಾಕ್ಸ್‌ಮಾಕ್ಸ್‌ನ ನಿರ್ವಹಣಾ ಪುಟವಿರುವ 8006 ಪೋರ್ಟ್ ಎಲ್ಲವೂ ಸೇರಿವೆ. ಕಾಲಿಯ ಬ್ರೌಸರ್‌ನಲ್ಲಿ ಹೋಸ್ಟ್‌ನ (ಪ್ರಾಕ್ಸ್‌ಮಾಕ್ಸ್ ಓಡುವ ಮಿನಿ ಪಿಸಿಯ) ಐಪಿಯನ್ನು https:// ಮತ್ತು :8006 ಸೇರಿಸಿ ಹಾಕಿ ನೋಡಿ, ಲಾಗಿನ್ ಪುಟ ಬಂದು ನಿಲ್ಲುತ್ತದೆ.

ಅದಕ್ಕೆ ಖಾಸಗಿ ನೆಟ್‌ವರ್ಕ್‌ಗಳ ವಿಳಾಸ ವ್ಯಾಪ್ತಿಗಳಾದ 10.0.0.0/8, 172.16.0.0/12, 192.168.0.0/16 ಮೂರನ್ನೂ ಒಂದು ಏಲಿಯಾಸ್‌ಗೆ (ವಿಳಾಸಗಳ ಗುಂಪಿಗೆ ಕೊಟ್ಟ ಹೆಸರು) ಸೇರಿಸಿ, ಲ್ಯಾನ್ ನಿಯಮಗಳನ್ನು ಈ ಕ್ರಮದಲ್ಲಿ ಇಟ್ಟಿದ್ದೇನೆ: ಮೊದಲು ಡಿಎನ್‌ಎಸ್‌ಗಾಗಿ (ಸೈಟ್ ಹೆಸರಿನಿಂದ ಐಪಿ ಹುಡುಕುವ ಸೇವೆ) ಫೈರ್‌ವಾಲ್‌ನ ಲ್ಯಾನ್ ವಿಳಾಸದ 53ನೇ ಪೋರ್ಟಿಗೆ ಅನುಮತಿ (ಟಿಸಿಪಿ, ಯುಡಿಪಿ ಎರಡೂ), ಅದರ ಕೆಳಗೆ ಏಲಿಯಾಸ್‌ಗೆ ಬ್ಲಾಕ್, ಕೊನೆಗೆ ಉಳಿದದ್ದಕ್ಕೆಲ್ಲ ಅನುಮತಿ. ಮೊದಲು ಹೊಂದಿದ ನಿಯಮವೇ ನಡೆಯುವುದರಿಂದ ಕ್ರಮ ತಪ್ಪಬಾರದು. 1.1.1.1ಕ್ಕೆ ಪಿಂಗ್ ಹೋಗುತ್ತಿದೆ, ಸೈಟ್ ಮಾತ್ರ ತೆರೆಯುತ್ತಿಲ್ಲ ಅಂದರೆ ಡಿಎನ್‌ಎಸ್ ನಿಯಮ ಬ್ಲಾಕ್‌ನ ಕೆಳಗೆ ಸೇರಿಕೊಂಡಿರಬಹುದು. ನಿಯಮ ಬದಲಿಸಿದ ಮೇಲೆ ಸ್ಟೇಟ್ ಟೇಬಲ್ (ನಡೆಯುತ್ತಿರುವ ಕನೆಕ್ಷನ್‌ಗಳ ಪಟ್ಟಿ) ರೀಸೆಟ್ ಮಾಡಿ. ಇಲ್ಲದಿದ್ದರೆ ಹಳೇ ಕನೆಕ್ಷನ್‌ಗಳು ಹಾಗೇ ನಡೆಯುತ್ತಿರುತ್ತವೆ.

ಐಪಿವಿ6 (ಹೊಸ ಬಗೆಯ ಐಪಿ ವಿಳಾಸ) ಇನ್ನೊಂದು ಹಿಂಬಾಗಿಲು. ಮನೆಯ ಸಾಧನಗಳಿಗೆ ಪಬ್ಲಿಕ್ ಐಪಿವಿ6 ವಿಳಾಸ ಬಂದಿದ್ದರೆ ಮೇಲಿನ ಏಲಿಯಾಸ್ ಅವನ್ನು ಮುಟ್ಟೋದೇ ಇಲ್ಲ. ಲ್ಯಾಬ್‌ಗೆ ಅದು ಬೇಕಿಲ್ಲ. ಲ್ಯಾನ್‌ನ ಐಪಿವಿ6 ಅನ್ನು 'ನನ್' (ಯಾವುದೂ ಇಲ್ಲ) ಮಾಡಿ, ಅದಕ್ಕಿರುವ ಅನುಮತಿ ನಿಯಮವನ್ನೂ ನಿಲ್ಲಿಸಿ. ಪ್ರಾಕ್ಸ್‌ಮಾಕ್ಸ್ ಶೆಲ್‌ನಲ್ಲಿ ಖಾಲಿ ಬ್ರಿಡ್ಜ್‌ಗಳ ವಿಳಾಸವನ್ನೂ ನೋಡಿ. ಐಪಿ ಕೊಡದಿದ್ದರೂ ಎಫ್‌ಇ80 ಅಂತ ಶುರುವಾಗುವ ಲಿಂಕ್-ಲೋಕಲ್ ವಿಳಾಸ ಕೂತಿದ್ದರೆ, ವಿಎಂ ಫೈರ್‌ವಾಲ್ ಹತ್ತಿರವೂ ಸುಳಿಯದೆ ಹೋಸ್ಟ್ ಜೊತೆ ಮಾತಾಡಬಹುದು. ಆ ಬ್ರಿಡ್ಜ್‌ಗಳಿಗೆ ಸಿಸ್‌ಕಂಟ್ರೋಲ್ (ಲಿನಕ್ಸ್ ಕರ್ನಲ್ ಸೆಟ್ಟಿಂಗ್ ಬದಲಿಸುವ ಕಮಾಂಡ್) ಮೂಲಕ ಐಪಿವಿ6 ಆಫ್ ಮಾಡಿ.

ಮೆಟಾಸ್ಪ್ಲಾಯ್ಟಬಲ್ ಬರೋದು ವಿಎಂಡಿಕೆ (ವಿಎಂವೇರ್‌ನ ಡಿಸ್ಕ್ ಫೈಲ್) ಡಿಸ್ಕಾಗಿ. ಇಂಪೋರ್ಟ್ ಮಾಡಿದ ಮೇಲೆ 'ಅನ್‌ಯೂಸ್ಡ್ ಡಿಸ್ಕ್' ಅಂತ ಕಾಣುತ್ತದೆ. ಅದನ್ನು ಐಡಿಇ ಆಗಿ ಸೇರಿಸಿ, ನೆಟ್‌ವರ್ಕ್ ಕಾರ್ಡ್ ಇ1000 ಇರಲಿ. ಉಬುಂಟು 8.04 ಕಾಲದ ಕರ್ನಲ್ ಅದು, ವರ್ಟಿಯೋ ಸ್ಕಸಿ (ಹೊಸ ಬಗೆಯ ಡಿಸ್ಕ್ ಕಂಟ್ರೋಲರ್) ಕೊಟ್ಟರೆ ಬೂಟ್ ಆಗೋದಿಲ್ಲ. ಬೂಟ್ ಆರ್ಡರ್‌ನಲ್ಲಿ ಡಿಸ್ಕಿಗೆ ಟಿಕ್ ಹಾಕೋದು ಮರೆಯಬೇಡಿ. ಶುರುಮಾಡುವ ಮೊದಲೇ ಒಂದು ಸ್ನ್ಯಾಪ್‌ಶಾಟ್ (ಆ ಕ್ಷಣದ ಸ್ಥಿತಿಯ ಪ್ರತಿ) ತೆಗೆದಿಡಿ. ಸ್ಟೋರೇಜ್ ಎಲ್‌ವಿಎಂ-ಥಿನ್ ಅಥವಾ ಜಡ್‌ಎಫ್‌ಎಸ್ ಆಗಿದ್ದರೆ ಸುಲಭ. ಡೈರೆಕ್ಟರಿ ಸ್ಟೋರೇಜ್ ಆದರೆ ಡಿಸ್ಕ್ ಕ್ಯೂಕೌ2 ಆಗಿರಬೇಕು.

ಕೊನೆಗೆ ಕಾಲಿಯಿಂದ ಮನೆ ರೂಟರ್‌ನ 80 ಮತ್ತು ಹೋಸ್ಟ್‌ನ 8006 ಪೋರ್ಟಿಗೆ ಎನ್‌ಮ್ಯಾಪ್ (ಪೋರ್ಟ್ ಪರೀಕ್ಷಿಸುವ ಟೂಲ್) ಓಡಿಸಿ. 'ಫಿಲ್ಟರ್ಡ್' (ಉತ್ತರವೇ ಬರಲಿಲ್ಲ) ಬಂದರೆ ಸರಿ. 'ಕ್ಲೋಸ್ಡ್' ಅಂತ ಬಂದರೂ ಸಮಾಧಾನ ಪಡಬೇಡಿ: ಪ್ಯಾಕೆಟ್ ಅಲ್ಲಿಗೆ ತಲುಪಿ, ಉತ್ತರವೂ ವಾಪಸ್ ಬಂದಿದೆ.