ಹನ್ನೆರಡು ತಿಂಗಳ ಸಂಬಳ: ಗೌರವ ಶಿಕ್ಷಕರನ್ನು ಉಳಿಸಿಕೊಂಡ ನನ್ನ ಅನುಭವ

ಈ ಜೂನ್‌ನಲ್ಲಿ ಶಾಲೆ ಶುರುವಾದಾಗ ನಮ್ಮ ಆರು ಮಂದಿ ಗೌರವ ಶಿಕ್ಷಕರಲ್ಲಿ (ಕಾಯಂ ಅಲ್ಲದ, ಆಡಳಿತ ಮಂಡಳಿಯೇ ಸಂಬಳ ಕೊಡುವ ಶಿಕ್ಷಕರು) ಐದು ಮಂದಿ ಹಳಬರೇ ಬಂದು ಹಾಜರಿ ಪುಸ್ತಕಕ್ಕೆ ಸಹಿ ಹಾಕಿದರು. ಅನುದಾನಿತ ಶಾಲೆ ನಡೆಸುವವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ. ಕಳೆದ ವರ್ಷ ಹೆಡ್ಮಾಸ್ಟ್ರುಗಳ ಸಭೆಯಲ್ಲಿ, ಇವರಿಗೆ ಬೇಸಿಗೆ ರಜೆಗೂ ಸೇರಿಸಿ ಹನ್ನೆರಡು ತಿಂಗಳು ಸಂಬಳ ಕೊಡುವ ನನ್ನ ಲೆಕ್ಕ ಹೇಳಿದಾಗ, "ದುಡ್ಡು ದಂಡ ಮಾರಾಯ್ರೆ, ಮೇ ಸಂಬಳ ತಗೊಂಡವರು ಜೂನ್‌ನಲ್ಲಿ ಫೋನೂ ಎತ್ತುವುದಿಲ್ಲ" ಅಂದವರು ಇದ್ದರು. ಅವರೇ ಈಗ ಆ ಲೆಕ್ಕದ ಕಾಗದ ಒಮ್ಮೆ ಕಳಿಸಿ ಎನ್ನುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಉಡುಪಿ ಹತ್ತಿರದ ಗಂಡುಮಕ್ಕಳ ಪ್ರೌಢಶಾಲೆ. ಸುಮಾರು 210 ಮಕ್ಕಳು. 2025ರ ಮೇ 31ಕ್ಕೆ ಕನ್ನಡದ ಸರ್ ನಿವೃತ್ತರಾದ ಮೇಲೆ ನನ್ನನ್ನೂ ಸೇರಿಸಿ ಕಾಯಂ ಆಗಿ ಉಳಿದವರು ಐದು ಮಂದಿ. ಗಣಿತದ ಸರ್‌ಗೆ ನವೆಂಬರ್‌ನಲ್ಲಿ 60 ತುಂಬುವುದಿತ್ತು. ಗುಮಾಸ್ತರ ಹುದ್ದೆ ಖಾಲಿ, ಅಟೆಂಡರ್ ಹುದ್ದೆಯೂ ಖಾಲಿ. ಬೆಲ್ ಹೊಡೆಯಲಿಕ್ಕೆ ಒಂಬತ್ತನೇ ಕ್ಲಾಸಿನ ಹುಡುಗರಿಗೆ ಪಾಳಿ ಹಾಕಿದ್ದೆವು. ಉಳಿದ ಪಾಠವೆಲ್ಲ ಆರು ಮಂದಿ ಗೌರವ ಶಿಕ್ಷಕರ ತಲೆ ಮೇಲೆ.

ಮೊದಲು ಏನೇನು ಕೈಕೊಟ್ಟಿತು ಅಂತ ಹೇಳಿಬಿಡುತ್ತೇನೆ. ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟೆವು. ಹಾವೇರಿ, ಗದಗ ಕಡೆಯಿಂದ ಒಳ್ಳೊಳ್ಳೆಯವರು ಬಂದರು. ಆದರೆ 12 ಸಾವಿರದಲ್ಲಿ ಐದಾರು ಸಾವಿರ ರೂಮಿನ ಬಾಡಿಗೆಗೇ ಹೋದರೆ ಉಳಿಯುವುದೇನು? ದೀಪಾವಳಿಗೆ ಊರಿಗೆ ಹೋದವರು ಅಲ್ಲೇ ಕೆಲಸ ಹುಡುಕಿಕೊಂಡರು. ವರ್ಷ ಪೂರ್ತಿ ಬಿಡುವುದಿಲ್ಲ ಎಂದು ಬರೆಸಿಕೊಳ್ಳಲು ಹೋದರೆ ಯಾರೂ ಸಹಿ ಹಾಕಲಿಲ್ಲ. ಕೆಲವು ಕಡೆ ಒರಿಜಿನಲ್ ಅಂಕಪಟ್ಟಿ ಇಟ್ಟುಕೊಳ್ಳುತ್ತಾರೆ. ಅದು ಅನ್ಯಾಯ, ನಾವು ಆ ದಾರಿಗೆ ಹೋಗಲಿಲ್ಲ. ಪಕ್ಕದ ಶಾಲೆಯ ಜೊತೆ ಒಬ್ಬ ಹಿಂದಿ ಟೀಚರನ್ನು ಮೂರು ದಿನ ನಮಗೆ, ಮೂರು ದಿನ ಅವರಿಗೆ ಅಂತ ಹಂಚಿಕೊಂಡು ನೋಡಿದೆವು. ಎಫ್‌ಎ (ವರ್ಷದ ನಡುವಿನ ಕಿರು) ಪರೀಕ್ಷೆ ಎರಡೂ ಕಡೆ ಒಂದೇ ದಿನ ಬಂತು, ಅಲ್ಲಿಗೆ ಮುಗಿಯಿತು. ಎಲ್ಲಕ್ಕಿಂತ ಜಾಸ್ತಿ ಪೆಟ್ಟು ಕೊಟ್ಟದ್ದು ವಿಜ್ಞಾನದ ಸರ್. ಆಗಸ್ಟ್‌ನಲ್ಲಿ ಮಂಗಳೂರಿನ ಒಂದು ಕೋಚಿಂಗ್ ಸೆಂಟರ್ ಡಬಲ್ ಸಂಬಳ ಕೊಟ್ಟು ಕರೆಯಿತು, ಅವರು ಹೋದರು. ದಸರಾ ಮುಗಿಯುವವರೆಗೂ ಒಂಬತ್ತನೇ ಕ್ಲಾಸಿಗೆ ವಿಜ್ಞಾನವೇ ಇರಲಿಲ್ಲ. ಇವೆಲ್ಲ 2025ಕ್ಕಿಂತ ಮೊದಲಿನ ಕತೆ.

ಈಗ ದುಡ್ಡಿನ ವಿಷಯ. ಹೆಚ್ಚಿನ ಕಡೆ ಗೌರವ ಶಿಕ್ಷಕರಿಗೆ ಹತ್ತು ತಿಂಗಳ ಸಂಬಳ, ಅಲ್ವಾ? ಏಪ್ರಿಲ್, ಮೇ ಖಾಲಿ. ಆ ಎರಡು ತಿಂಗಳಲ್ಲಿ ಮನೆ ನಡೆಯಬೇಕಲ್ಲ, ಅವರು ಬೇರೆ ಕೆಲಸ ನೋಡುತ್ತಾರೆ. ನಾವು ಹತ್ತು ತಿಂಗಳಿಗೆ 12 ಸಾವಿರದಂತೆ ತಲೆಗೆ 1.20 ಲಕ್ಷ ಕೊಡುತ್ತಿದ್ದೆವು. ಅದನ್ನು 11,500 ಮಾಡಿ ಹನ್ನೆರಡು ತಿಂಗಳು ಕೊಟ್ಟೆವು. ತಲೆಗೆ 18 ಸಾವಿರ ಹೆಚ್ಚಾಯಿತು. ತಿಂಗಳಿಗೆ ಐನೂರು ಇಳಿಸಿದ್ದಕ್ಕೆ ಒಬ್ಬರೂ ಬೇಸರ ಮಾಡಲಿಲ್ಲ. ಇದರ ಮೇಲೆ ಬಸ್ ಖರ್ಚು ತಲೆಗೆ ತಿಂಗಳಿಗೆ ಎಂಟುನೂರರ ಹತ್ತಿರ. ಶಕ್ತಿ ಯೋಜನೆ 2023ರಲ್ಲೇ ಬಂದರೂ ನಮ್ಮ ರೂಟಿನಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಅಲ್ಲಿ ಹೆಂಗಸರಿಗೂ ಟಿಕೆಟ್ ಉಂಟು. ಎಲ್ಲ ಸೇರಿ ವರ್ಷಕ್ಕೆ ಹೆಚ್ಚುವರಿಯಾಗಿ ಒಂದೂವರೆ ಲಕ್ಷದ ಮೇಲೆ ಚೂರು ಬಿತ್ತು.

ಆಡಳಿತ ಮಂಡಳಿಯಲ್ಲಿ ಮೊದಲ ಪ್ರಶ್ನೆ, "ರಜೆಯಲ್ಲಿ ಮನೆಯಲ್ಲಿ ಕೂತವರಿಗೆ ಸಂಬಳ ಯಾಕೆ?" ನಾನು ವಾದ ಮಾಡಲಿಲ್ಲ. ವಿಜ್ಞಾನದ ಸರ್ ಬಿಟ್ಟು ಹೋದ ವರ್ಷದ ಎಸ್‌ಎ ಒಂದರ (ಅರ್ಧವಾರ್ಷಿಕ ಪರೀಕ್ಷೆಯ) ಅಂಕಪಟ್ಟಿಯನ್ನು ಸಂಚಾಲಕರ ಮುಂದೆ ಇಟ್ಟೆ. ಅಷ್ಟೇ ಸಾಕಾಯಿತು. ಹಳೆ ವಿದ್ಯಾರ್ಥಿ ಸಂಘದ ಮುಂಬೈ, ದುಬೈ ಮಂದಿ 60 ಸಾವಿರದಷ್ಟು ಕೊಟ್ಟರು. ಸಭಾಂಗಣದ ಬಾಡಿಗೆಯಿಂದ ಒಂದಷ್ಟು ಬಂತು. ಉಳಿದದ್ದಕ್ಕೆ ಇನ್ನೊಂದು ಮೂಲ ಉಂಟು, ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನಾಳೆ ಅಲ್ಲಿ ಕ್ಯೂ ನಿಲ್ಲುತ್ತದೆ.

ಸಂಬಳ ಪ್ರತಿ ತಿಂಗಳು 5ನೇ ತಾರೀಕು. ಸರ್ಕಾರದ ಅನುದಾನ ತಡವಾಗಿ ನಮ್ಮ ಸಂಬಳ ನಿಂತಾಗಲೂ ಅವರದ್ದು ನಿಲ್ಲಿಸಲಿಲ್ಲ. ಮೇ ತಿಂಗಳದ್ದನ್ನು ಮಾತ್ರ ಎರಡು ಭಾಗ ಮಾಡಿದೆ. ಅರ್ಧ ಆಗಲೇ, ಇನ್ನರ್ಧ ಜೂನ್ ಮೊದಲ ವಾರ ಶಾಲೆಗೆ ಬಂದ ಮೇಲೆ. ಇದನ್ನು ಕೆಲಸಕ್ಕೆ ತೆಗೆದುಕೊಳ್ಳುವಾಗಲೇ ಬಾಯಿಬಿಟ್ಟು ಹೇಳಿದ್ದೆ.

ಆಯ್ಕೆಯಲ್ಲೂ ಒಂದು ನಿಯಮ ಇಟ್ಟುಕೊಂಡೆ. ಒಂದೇ ಬಸ್ಸಿನಲ್ಲಿ ಬಂದು ಇಳಿಯುವವರು ಮಾತ್ರ. ಬ್ರಹ್ಮಾವರ, ಕಟಪಾಡಿ, ಹಿರಿಯಡಕ ಹೀಗೆ. ಬಿಎಡ್ ಮಾಡಿ, ಮದುವೆಯಾಗಿ, ಮಕ್ಕಳು ಚಿಕ್ಕವರಿದ್ದಾರೆ ಅಂತ ಮನೆಯಲ್ಲಿದ್ದವರು ಈ ಸುತ್ತಿನಲ್ಲಿ ಎಷ್ಟೋ ಮಂದಿ ಇದ್ದಾರೆ. ಆರರಲ್ಲಿ ಐದು ಮಂದಿ ಹೆಂಗಸರೇ ಆದರು. "ಗಂಡುಮಕ್ಕಳ ಹೈಸ್ಕೂಲು, ಟೀಚರುಗಳು ಮೂರು ತಿಂಗಳೂ ನಿಲ್ಲುವುದಿಲ್ಲ" ಅಂತ ನಮ್ಮ ಸ್ಟಾಫ್ ರೂಮಿನಲ್ಲೇ ಮಾತು ಕೇಳಿಬಂತು.

ವಿಜ್ಞಾನದ ಟೀಚರ್ ಬಂದ ಮೊದಲ ವಾರ. ಒಂಬತ್ತನೇ ಬಿ ವಿಭಾಗ, ಮಧ್ಯಾಹ್ನ ಬಿಸಿಯೂಟದ ನಂತರದ ಪೀರಿಯಡ್. ಹಿಂದಿನ ಬೆಂಚಿನಿಂದ ಯಾರೋ ಡೆಸ್ಕಿನ ಮೇಲೆ ಚೆಂಡೆ ಬಾರಿಸಲು ಶುರುಮಾಡಿದರು. ನಾನು ವರಾಂಡದಲ್ಲಿ ನಿಂತಿದ್ದೆ, ಒಳಗೆ ಹೋಗಲಿಲ್ಲ. ಟೀಚರ್ ಬೋರ್ಡಿನಿಂದ ತಿರುಗಿ ಆ ಬೆಂಚಿನ ತನಕ ನಡೆದು ಹೋಗಿ, "ತಾಳ ಸರಿ ಉಂಟು. ಯಾರದ್ದು?" ಅಂದರು. ಒಬ್ಬ ಮೆಲ್ಲ ಎದ್ದ. ಅವನನ್ನೇ ಮುಂದೆ ಕರೆದು, ಅದೇ ಪೆಟ್ಟನ್ನು ಮೇಜಿನ ಮೇಲೆ ಮೆತ್ತಗೆ, ಗಟ್ಟಿಯಾಗಿ, ಬೇಗ, ನಿಧಾನ ಅಂತ ಹೊಡೆಸಿದರು. ಉಳಿದವರಿಗೆ ಮೇಜಿಗೆ ಕಿವಿ ಇಟ್ಟು ಕೇಳಲು ಹೇಳಿದರು. ಮರದೊಳಗಿಂದ ಶಬ್ದ ಎಷ್ಟು ಜೋರಾಗಿ ಬರುತ್ತದೆ ಅಂತ ಹುಡುಗರಿಗೇ ಆಶ್ಚರ್ಯ. ಶಬ್ದದ ಪಾಠ ಹಾಗೆ ಶುರುವಾಯಿತು. ಆ ಹುಡುಗ ಯಕ್ಷಗಾನ ತರಗತಿಗೆ ಹೋಗುವವನು. ಆಮೇಲೆ ವರ್ಷವಿಡೀ ಟೀಚರ ಪ್ರಯೋಗದ ಸಾಮಾನು ಹೊತ್ತು ತರುವವನು ಅವನೇ. ಸಂದರ್ಶನದಲ್ಲಿ ಇಂಥವರನ್ನು ಗುರುತಿಸಲು ನಾನು ಕೇಳುವ ಪ್ರಶ್ನೆ ಒಂದು ಉಂಟು. ಅದೂ ನನ್ನ ಹತ್ತಿರವೇ ಇರಲಿ.

ಸೆಪ್ಟೆಂಬರ್ 22ಕ್ಕೆ ರಾಜ್ಯ ಸರ್ಕಾರದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಶುರುವಾಯಿತು. ಕಾಯಂ ಶಿಕ್ಷಕರು ಮೊಬೈಲ್ ಹಿಡಿದು ಮನೆಮನೆಗೆ ಹೋದರು. 60 ಪ್ರಶ್ನೆ, ಮಧ್ಯೆ ಸಿಗದ ನೆಟ್‌ವರ್ಕ್, ಕರೆಂಟ್ ಮೀಟರ್ ಬೋರ್ಡಿನ ಮೇಲಿನ ಸಮೀಕ್ಷೆಯ ಸ್ಟಿಕ್ಕರ್ ಹುಡುಕುವುದು, ಸುಸ್ತಾಗಿ ಹೋದರು. ದಸರಾ ರಜೆ ಅಕ್ಟೋಬರ್ 18ರವರೆಗೆ ಹೋಯಿತು, ಬೆನ್ನಿಗೇ ದೀಪಾವಳಿ. ಆಗ ಎಸ್‌ಎ ಒಂದರ ಉತ್ತರ ಪತ್ರಿಕೆಯ ಕಟ್ಟುಗಳನ್ನು ಮನೆಗೆ ಒಯ್ದು ತಿದ್ದಿ ತಂದವರು ಈ ಆರು ಮಂದಿ. ನಾನು ಹೇಳಿರಲಿಲ್ಲ, ತಾವೇ ಹಂಚಿಕೊಂಡರು. ಆ ದಿನದಿಂದ ಸ್ಟಾಫ್ ರೂಮಿನಲ್ಲಿ ಕಾಯಂನವರು ಒಂದು ಮೇಜು, ಗೌರವದವರು ಒಂದು ಮೇಜು ಅನ್ನುವುದು ಹೋಯಿತು.

ಮಳೆ ರಜೆಗೆ ಬದಲಿಯಾಗಿ ಶನಿವಾರ ಪೂರ್ತಿ ಶಾಲೆ ಮಾಡಬೇಕಿತ್ತು. ಆ ಮಧ್ಯಾಹ್ನಗಳಿಗೆ ಒಂದು ಪ್ರಯೋಗ ಮಾಡಿದೆ. ಸ್ಟಾಫಿಗೆಲ್ಲ ಒಟ್ಟಿಗೆ ಗಂಜಿ ಊಟ. ಕುಚ್ಚಲಕ್ಕಿ ಗಂಜಿ, ಹುರುಳಿ ಚಟ್ನಿ, ಉಪ್ಪಿನಕಾಯಿ. ತಲೆಗೆ ಇಪ್ಪತ್ತು ರೂಪಾಯಿ ದಾಟಲಿಲ್ಲ. ಶನಿವಾರ ಸಿಎಲ್ (ಸಾಂದರ್ಭಿಕ ರಜೆ) ಹಾಕುವುದು ಹೆಚ್ಚುಕಡಿಮೆ ನಿಂತೇ ಹೋಯಿತು! ಹತ್ತನೇ ಹುಡುಗರಿಂದ ಎಂಟನೇ ಕ್ಲಾಸಿಗೆ ಖಾಲಿ ಪೀರಿಯಡ್‌ನಲ್ಲಿ ಲೆಕ್ಕ ಹೇಳಿಸುವ ಪ್ರಯೋಗವೂ ನಡೆಯಿತು. ಅದು ಗದ್ದಲದಲ್ಲೇ ಮುಗಿಯಿತು, ನಿಲ್ಲಿಸಿದೆವು.

ಗಣಿತದ ಸರ್ ನವೆಂಬರ್ ಕೊನೆಗೆ ನಿವೃತ್ತರಾದರು. ಡಿಸೆಂಬರ್ 1 ಸೋಮವಾರ. ಎಂದಿನ ಹೊತ್ತಿಗೇ ಸ್ಕೂಟರ್ ನಿಲ್ಲಿಸಿ ಒಳಗೆ ಬಂದರು, ಹತ್ತನೇ ಕ್ಲಾಸು ಮುಗಿಸಿಕೊಡುತ್ತೇನೆ ಅಂದರು. ತಿಂಗಳಿಗೆ ಏಳು ಸಾವಿರ ಕೊಟ್ಟೆವು, ಬೇಡ ಬೇಡ ಎನ್ನುತ್ತಲೇ ತೆಗೆದುಕೊಂಡರು. ಜನವರಿಯಲ್ಲಿ ಶೀರೂರು ಮಠದ ಪರ್ಯಾಯ, ಅಂದರೆ ಉಡುಪಿ ಕೃಷ್ಣನ ಪೂಜೆಯ ಸರದಿ ಆ ಮಠಕ್ಕೆ ಬರುವ ಉತ್ಸವ. ಅರ್ಧ ಊರೇ ರಥಬೀದಿಯಲ್ಲಿದ್ದಾಗಲೂ ಹತ್ತನೆಯವರ ವಿಶೇಷ ತರಗತಿ ತಪ್ಪಲಿಲ್ಲ. ಮಾರ್ಚ್‌ನ ಎಸ್‌ಎಸ್‌ಎಲ್‌ಸಿ ಪರೀಕ್ಷೆ-1ಕ್ಕೆ ಎಪ್ಪತ್ತರ ಹತ್ತಿರ ಹುಡುಗರು ಕೂತಿದ್ದರು, ಪಾಸಾಗದೆ ಉಳಿದದ್ದು ನಾಲ್ಕೈದು ಮಂದಿ. ನಮ್ಮ ಶಾಲೆಯಲ್ಲಿ ಇತ್ತೀಚೆಗೆ ಇಷ್ಟು ಒಳ್ಳೆಯ ಫಲಿತಾಂಶ ಬಂದಿರಲಿಲ್ಲ.

ಬಿಟ್ಟು ಹೋದ ಒಬ್ಬರು ಹಿಂದಿ ಟೀಚರ್. ಗಂಡನಿಗೆ ದುಬೈಯಲ್ಲಿ ಕೆಲಸ ಸಿಕ್ಕಿತು, ಹೊರಟರು. ಮೇ ತಿಂಗಳ ಉಳಿದರ್ಧವನ್ನು ಅವರಿಗೂ ಕಳಿಸಿದೆ. ಅವರೇ ಕಟಪಾಡಿಯ ತಮ್ಮ ಬಿಎಡ್ ಗೆಳತಿಯ ನಂಬರ್ ಕೊಟ್ಟು ಹೋಗಿದ್ದಾರೆ. ಗುರುವಾರ ಡೆಮೊ ಕ್ಲಾಸಿಗೆ ಬರುತ್ತಾರೆ, ಒಂಬತ್ತನೇ ಬಿ ವಿಭಾಗಕ್ಕೇ ಹಾಕಿದ್ದೇನೆ.